ಅಳಿಸಿದ ಸ್ವರಕ್ಕೆ ಗುಣವತಿಯ ಅರ್ಜಿ

ಉಡುಪಿಯಲ್ಲಿ ಕೋರ್ಟಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಕೂರುವ ಗುಣವತಿ ದೊಡ್ಡ ವಕೀಲೆಯೆಂದು, ಇದನ್ನು ಬರೆಯುವವನೂ ಸೇರಿ, ಎಷ್ಟೋ ಮಂದಿ ನಂಬಿದ್ದರು. ಕರಿಕೋಟಿನವರೇ ಅವಳ ಮೇಜಿನೆದುರು ನಿಂತು, “ಅಕ್ಕ, ಈ ಸೆಕ್ಷನ್ ಉಂಟಾ, ಹೋಯಿತಾ?” ಎಂದು ಕೇಳುತ್ತಿದ್ದರೆ ಬೇರೇನು ತಿಳಿಯುವುದು?

ಅವಳು ಅರ್ಜಿ ಟೈಪು ಮಾಡುವವಳು. ಓದಿದ್ದು ಪಿಯುಸಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅರವತ್ತಾರು-ಎ ಸೆಕ್ಷನ್ ರದ್ದಾದಾಗ ಕಂಪ್ಯೂಟರಿನಿಂದ ಒಂದು ನಮೂನೆ ತೆಗೆದಳು. ಹೊಸ ಸಾಕ್ಷ್ಯ ಕಾನೂನು ಬಂದಾಗ ಇನ್ನೊಂದು ಸೇರಿಸಿದಳು. ಅವಳ ಮಟ್ಟಿಗೆ ಕಾನೂನೆಂದರೆ ತುಂಬಿಸಬೇಕಾದ ಖಾಲಿ ಜಾಗಗಳು.

ಕಳೆದ ವರ್ಷ ಕಾಪುವಿನ ಶಮೀಮಾ ಬಂದಳು. ಮನೆಯಲ್ಲೇ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವುದು ಅವಳ ಕಸುಬು. ಕೆಲಸಕ್ಕೆ ಹೋಗುವ ತಾಯಂದಿರನ್ನು ಹೀನಾಯವಾಗಿ ಬೈಯುವ ಆಡಿಯೋ ಒಂದನ್ನು ಯಾರೋ ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿ, ಗುಂಪು ಬಿಟ್ಟು ಹೋಗಿದ್ದರು. ಸ್ವರ ತದ್ವತ್ ಶಮೀಮಾಳದು, ಮಾತು ಅವಳದಲ್ಲ. ಅವಳ ಸ್ವರ ನಕಲು ಮಾಡಿ ಯಂತ್ರದಿಂದ ಆಡಿಸಿದ್ದು. ಮರುದಿನ ಹನ್ನೆರಡು ಮಕ್ಕಳಲ್ಲಿ ಬಂದವರು ಇಬ್ಬರು.

“ಆಡಿಯೋ ಎಲ್ಲುಂಟು?” ಎಂದಳು ಗುಣವತಿ.

ಜೊತೆಗೆ ಬಂದಿದ್ದ ಬಡಾವಣೆ ಸಂಘದ ಅಧ್ಯಕ್ಷ ಲಿಯೋನೆಲರು ಆಡಿಯೋ ಬಂದಿದ್ದ ಚಾಟಿನ, ಲ್ಯಾಮಿನೇಶನ್ ಮಾಡಿಸಿದ ಸ್ಕ್ರೀನ್‌ಶಾಟೊಂದನ್ನು ಮೇಜಿನ ಮೇಲಿಟ್ಟರು. “ಹೆಣ್ಣುಮಗಳ ಮಾನದ ಪ್ರಶ್ನೆ. ಎಲ್ಲರೂ ಅಳಿಸಿ, ಅಳಿಸಿದ್ದೇವೆಂದು ಗುಂಪಿನಲ್ಲಿ ವರದಿ ಮಾಡಬೇಕೆಂದು ಆದೇಶ ಕೊಟ್ಟೆ. ಎಂಬತ್ತಮೂರು ಜನ ಪಾಲಿಸಿದ್ದಾರೆ.”

“ಫೋಟೋದಲ್ಲಿ ಸ್ವರ ಕೇಳ್ತದಾ ಸರ್?”

“ಲ್ಯಾಮಿನೇಶನ್ ಉಂಟಲ್ಲ, ಹಾಳಾಗುವುದಿಲ್ಲ.”

ಗುಣವತಿ ಶಮೀಮಾಳ ಕಡೆ ತಿರುಗಿದಳು. “ಈಗಿನ ಕಾನೂನಿನಲ್ಲಿ ಆಡಿಯೋ ಸಾಕ್ಷ್ಯಕ್ಕೆ ಸರ್ಟಿಫಿಕೇಟ್ ಬೇಕು. ಅದರಲ್ಲಿ ಫೈಲಿನ ಹ್ಯಾಶ್ ನಂಬರ್ ಬರೆಯಬೇಕು. ಬೆರಳ ಗುರುತಿನ ಹಾಗೆ, ಪ್ರತಿ ಫೈಲಿಗೂ ಬೇರೆ. ಫೋನಿನ ಮಾಲೀಕರೂ ಸಹಿ ಹಾಕಬೇಕು, ಪರಿಣತರೂ ಹಾಕಬೇಕು. ಫೈಲೇ ಇಲ್ಲದಿದ್ದರೆ ಯಾವುದರದ್ದು ಬರೆಯುವುದು?”

“ಹಾಗಾದರೆ ಅದು ನಾನಲ್ಲ ಅಂತ ಹೇಳುವುದು ಹೇಗೆ, ಗುಣವತಿಯಕ್ಕ?”

“ಗುಂಪಿನಲ್ಲಿ ಒಟ್ಟು ಎಷ್ಟು ಜನ?”

“ಎಂಬತ್ತನಾಲ್ಕು,” ಎಂದರು ಅಧ್ಯಕ್ಷರು. ಆಮೇಲೆ ಮುಖ ಗಂಟಿಕ್ಕಿದರು. “ಚಪ್ಪಲಿ ಅಂಗಡಿಯ ಬದ್ರುದ್ದೀನ್ ಒಬ್ಬ ವರದಿ ಮಾಡಲಿಲ್ಲ. ಬರೀ ಹೆಬ್ಬೆರಳಿನ ಚಿತ್ರ ಹಾಕಿದ್ದಾನೆ. ಶಿಸ್ತಿಲ್ಲ.”

ಗುಣವತಿ ಆಗಲೇ ನಂಬರು ಒತ್ತಿಯಾಗಿತ್ತು. “ಬದ್ರುದ್ದೀನ್ ಕಾಕಾ, ಶಮೀಮಾಳ ಆ ಆಡಿಯೋ ಅಳಿಸಿದ್ರಾ?”

“ಎಲ್ಲಿ ಒತ್ತಿದರೆ ಅಳಿಸ್ತದೆ ಅಂತ ಗೊತ್ತಿಲ್ಲ ಮಾರಾಯ್ತಿ. ಅಧ್ಯಕ್ಷರಿಗೆ ಹೇಳಬೇಡಿ.”

“ಫೋನನ್ನು ಮುಟ್ಟಬೇಡಿ. ಹಾಗೇ ಹಿಡ್ಕೊಂಡು ಬನ್ನಿ.”

“ಮುಟ್ಟದೆ ಹಿಡ್ಕೊಳ್ಳುವುದು ಹೇಗೆ?”

ಹೇಗೋ ಹಿಡಿದುಕೊಂಡು ಬಂದರು. ಸಂಜೆಯೊಳಗೆ ದೂರು ದಾಖಲಾಯಿತು. ಸ್ವರ ಕದ್ದವನು ಇನ್ನೂ ಸಿಕ್ಕಿಲ್ಲ. ಆದರೆ ಠಾಣೆಯ ಮೊಹರಿದ್ದ ದೂರಿನ ಪ್ರತಿಯನ್ನು ಶಮೀಮಾ ತಾಯಂದಿರಿಗೆ ತೋರಿಸಿದ ಮೇಲೆ ಒಂಬತ್ತು ಮಕ್ಕಳು ಬರುತ್ತಿದ್ದಾರೆ.

ವಾರ ಕಳೆದು ಲಿಯೋನೆಲರು ಒಬ್ಬರೇ ಬಂದು ಸ್ವರ ತಗ್ಗಿಸಿ ಕೇಳಿದರು. “ನನ್ನ ಭಾಷಣಗಳೂ ಗುಂಪಿನಲ್ಲಿ ಉಂಟಲ್ಲ. ನಾಳೆ ಯಾರಾದರೂ ನನ್ನ ಸ್ವರ ನಕಲು ಮಾಡಿದರೆ? ಈಗಲೇ ಒಂದು ಸರ್ಟಿಫಿಕೇಟ್ ಮಾಡಿಸಿಡುವುದು ಒಳ್ಳೆಯದಲ್ವಾ?”

ಗುಣವತಿ ಕೀಲಿಮಣೆಯಿಂದ ಕಣ್ಣೆತ್ತಲಿಲ್ಲ.

“ಬೇಡ ಸರ್. ನಿಮ್ಮದನ್ನು ಯಾರೂ ಪೂರ್ತಿ ಕೇಳುವುದಿಲ್ಲ. ನಕಲು ಮಾಡಿದವನಿಗೆ ಎಂತ ಲಾಭ?”