ಹಿಂದಿನ ಸೀಟಿನ ವಿಮರ್ಶೆ

ಬೈಕು ಪತ್ರಿಕೆಗಳ ಮೇಲೆ ನನಗಿರುವ ಸಿಟ್ಟಿಗೆ ಮೂರು ಹುಣ್ಣಿಮೆಯಷ್ಟು ವಯಸ್ಸಾಯಿತು. ನಾನು ಶಿಡ್ಲಘಟ್ಟದ ರೀಲರು, ಅಂದರೆ ರೇಷ್ಮೆಗೂಡು ಕೊಂಡು ನೂಲು ತೆಗೆಸುವವನು. ಮಾರುಕಟ್ಟೆಯಲ್ಲಿ ಯಾರ ಗೂಡನ್ನೂ ಮೇಲಿಂದ ನೋಡಿ ಕೊಂಡವನಲ್ಲ. ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ತಳದ್ದೊಂದು ಹಿಡಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿದ ಮೇಲೇ ಬೆಲೆಯ ಮಾತು. ಇಂಥ ನಾನು ಪತ್ರಿಕೆ ಓದಿ ಬೈಕು ಕೊಂಡೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ.

ನನ್ನನ್ನು ಕೆಡಿಸಿದ್ದು ಒಂದು ಫೋಟೋ. ನಂದಿ ಬೆಟ್ಟದ ತಪ್ಪಲು, ದ್ರಾಕ್ಷಿ ತೋಟದ ಕಲ್ಲುಕಂಬ, ಅದರ ಪಕ್ಕದಲ್ಲಿ ಹೊಳೆಯುವ ಬೈಕು. ಅರೆ, ನಮ್ಮ ಚಿಕ್ಕಬಳ್ಳಾಪುರದ ರಸ್ತೆ! ನಮ್ಮ ರಸ್ತೆಯಲ್ಲೇ ಓಡಿಸಿ ಮೆಚ್ಚಿದ್ದಾರೆ ಅಂದಮೇಲೆ ನಮಗೆ ಒಗ್ಗದೆ ಇರುತ್ತದೆಯೇ ಎಂದುಕೊಂಡೆ. ಮೊಬೈಲಿನಲ್ಲಿ ಅದೇ ಬೈಕಿನ ವಿಡಿಯೋ ನೋಡಿದೆ. ಅಲ್ಲೂ ಅದೇ ತಿರುವು, ಅದೇ ಹೊಗಳಿಕೆ. ಹಳೆಯ ಬೈಕು ಮಾರಿ ಇದನ್ನು ತಂದೆ.

ಮನೆ ಮುಂದೆ ನಿಲ್ಲಿಸಿದಾಗ ನನ್ನ ಹೆಂಡತಿ ಸಾವಿತ್ರಿ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದಳು. ಹಿಂದಿನ ಸೀಟು ಅಂಗೈಯಗಲ, ಅದೂ ಅವಳ ಎದೆಮಟ್ಟಕ್ಕೆ. ಹಿಡಿಯಲು ಕಂಬಿಯಿಲ್ಲ, ಕಾಲಿಡಲು ಪಟ್ಟಿಯಿಲ್ಲ, ಚಕ್ರಕ್ಕೆ ಸೀರೆ ಸಿಗದಂತೆ ತಡೆಯುವ ಜಾಲರಿಯೂ ಇಲ್ಲ.

“ಏನ್ರೀ ಇದು, ಸೀಟಾ, ಅಟ್ಟಾನಾ? ಏಣೀನೂ ಕೊಟ್ಟವ್ರಾ?”

“ಹತ್ತು ಕಣೇ, ಅಭ್ಯಾಸ ಆಗತ್ತೆ.”

“ನೀವೇ ಹತ್ಕೊಳ್ಳಿ. ನಾನು ಬಸ್ಸಲ್ಲಿ ಬರ್ತೀನಿ.”

ಪ್ರತಿ ಹುಣ್ಣಿಮೆಗೆ ನಾವು ಕೈವಾರದ ದೇವಸ್ಥಾನಕ್ಕೆ ಹೋಗುವವರು. ಮನೆ ತುಂಬ ಕೆಲಸದವರು, ಯಂತ್ರದ ಸದ್ದು. ಗಂಡ ಹೆಂಡತಿ ನಾಲ್ಕು ಮಾತಾಡಲು ನಮಗಿದ್ದ ಜಾಗ ಅದೊಂದೇ, ಬೈಕು. ಹಿಂದೆ ಒಂದೇ ಪಕ್ಕಕ್ಕೆ ಕುಳಿತು ನನ್ನ ಕಿವಿಯಲ್ಲಿ ಅವಳು ತಿಂಗಳ ಸುದ್ದಿಯನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಊರು ಬರುತ್ತಿತ್ತು. ಈಗ ಮೂರು ಹುಣ್ಣಿಮೆಯಿಂದ ಅವಳು ಬಸ್ಸಿನಲ್ಲಿ, ನಾನು ಅದರ ಹಿಂದೆ ಹೊಗೆ ಕುಡಿಯುತ್ತ.

ಹಿಂದೆ ಕುದುರೆಗೂ ಶಾಸ್ತ್ರ ಬರೆದವರಿದ್ದರು. ಸುಳಿ ನೋಡಿ, ಗೊರಸು ನೋಡಿ, ಯಾವುದು ಸವಾರನನ್ನು ಕೆಡವುತ್ತದೆ ಎಂದೂ ಹೇಳುತ್ತಿದ್ದರು. ಈಗಿನ ಅಶ್ವಶಾಸ್ತ್ರಿಗಳಿಗೆ ಕೆಡವುವ ಕುದುರೆಯೇ ಸಿಗುವುದಿಲ್ಲ! ಕಂಪನಿಯವರು ಕೊಟ್ಟ ಬೈಕು, ಕಂಪನಿಯವರು ಹಾಕಿಸಿದ ಊಟ. ತಿಂಗಳಿಗೊಂದು ಬೈಕು ಬರುತ್ತದೆ, ತಿಂಗಳಿಗೊಂದು ‘ಇದಕ್ಕೆ ಸಾಟಿಯಿಲ್ಲ’ ಬರುತ್ತದೆ. ತೀರ ನಾಚಿಕೆಯಾದರೆ ಕನ್ನಡಿ ಸಣ್ಣದು ಎಂದು ಒಂದು ಸಾಲು ತೆಗಳುತ್ತಾರೆ. ಆ ನುಣುಪು ಕಾಗದ ರೇಷ್ಮೆಹುಳದ ತಟ್ಟೆಗೆ ಹಾಸಲೂ ಆಗದು, ತೇವ ಹೀರುವುದಿಲ್ಲ.

ಸಿಟ್ಟು ತಡೆಯದೆ ಒಂದು ಭಾನುವಾರ ಬೆಟ್ಟದ ಕೆಳಗಿನ ಟೀ ಅಂಗಡಿಗೆ ಹೋದೆ. ಅಲ್ಲಿ ಸಿಗುತ್ತಾರೆ, ಹೆಲ್ಮೆಟ್ಟಿಗೆ ಕ್ಯಾಮೆರಾ ಅಂಟಿಸಿಕೊಂಡವರು. ನಾನು ನೋಡಿದ ವಿಡಿಯೋದ ಗಡ್ಡದವನೇ ಕುಳಿತಿದ್ದ.

“ಈ ಬೈಕಿನ ಹಿಂದಿನ ಸೀಟಲ್ಲಿ ಯಾರನ್ನಾದ್ರೂ ಕೂರಿಸ್ಕೊಂಡು ಓಡ್ಸಿದ್ಯೇನಪ್ಪಾ?” ಎಂದೆ.

“ಅಂಕಲ್, ಇದು ಆ ಥರದ ಬೈಕಲ್ಲ.”

“ಹಂಗಂತ ಹೇಳ್ಬೇಕಾಗಿತ್ತಲ್ಲಪ್ಪಾ! ಒಂದು ಮಾತು!”

“ಅದು ಎಲ್ಲರಿಗೂ ಗೊತ್ತಿರತ್ತೆ, ಅಂಕಲ್.”

ಟೀ ಅರ್ಧಕ್ಕೇ ಬಿಟ್ಟು ಎದ್ದೆ. ಮನೆಗೆ ಬಂದು ಸಾವಿತ್ರಿಯ ಮುಂದೆ ಕೂಗಾಡಿದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲೂ ಇಲ್ಲ.

“ಅವ್ರನ್ಯಾಕೆ ಬೈತೀರಾ? ಗೂಡಿಗಾದ್ರೆ ತಳಕ್ಕೆ ಕೈ ಹಾಕ್ತೀರಾ. ಶೋರೂಮಿಗೆ ನನ್ನನ್ನ ಒಂದ್ಸಲ ಕರ್ಕೊಂಡ್ಹೋಗಿ ಕೂರಿಸಿ ನೋಡಕ್ಕೆ ಏನಾಗಿತ್ತು?”

ಇಪ್ಪತ್ತು ವರ್ಷ ಚೌಕಾಸಿ ಮಾಡಿ ಬದುಕಿದವನಿಗೆ ಇದಕ್ಕಿಂತ ದೊಡ್ಡ ಸೋಲು ಬೇಡ.

ಮುಂದಿನ ವಾರ ಇಬ್ಬರೂ ಚಿಂತಾಮಣಿಗೆ ಹೋದೆವು, ಬಸ್ಸಿನಲ್ಲಿ. ಹಳೇ ಬೈಕು ಮಾರುವವನು ಎಂಜಿನ್ನಿನ ಗುಣಗಾನ ಶುರುಮಾಡಿದ. “ಅದಿರಲಿ, ಮೊದಲು ಇವಳು ಕೂರಲಿ” ಎಂದೆ. ಸಾವಿತ್ರಿ ಒಂದರ ಮೇಲೆ ಕುಳಿತು ಇಳಿದಳು. ಇನ್ನೊಂದರಿಂದಲೂ ಇಳಿದಳು. ಮೂರನೆಯದು ಬಣ್ಣ ಮಾಸಿದ ಮುದಿ ಬೈಕು; ಯಾವ ಪತ್ರಿಕೆಯೂ ಅದರ ಫೋಟೋ ಹಾಕುವುದಿಲ್ಲ. ಕುಳಿತಳು, ಕಾಲು ಪಟ್ಟಿಯ ಮೇಲಿಟ್ಟಳು, ಸೆರಗು ಸಿಕ್ಕಿಸಿ ಕಂಬಿ ಹಿಡಿದಳು.

ನಿಮಗೂ ಹೇಳುತ್ತೇನೆ: ಬೈಕು ಕೊಳ್ಳುವ ಮುಂಚೆ ಪತ್ರಿಕೆಯ ಹನ್ನೆರಡು ಪುಟ ಓದಬೇಡಿ, ಹಿಂದೆ ಕೂರುವವರ ಬಾಯಿಂದ ಒಂದು ಮಾತು ಬರುವವರೆಗೆ ಕಾಯಿರಿ. ನಾನೂ ಅವಳ ಮುಖ ನೋಡುತ್ತ ಕಾದೆ.

“ಹೊರಡಿ ಮತ್ತೆ,” ಎಂದಳು, “ಹೇಳೋದು ಮೂರು ತಿಂಗಳದ್ದು ಬಾಕಿ ಐತೆ.”