ಹಗಲು ನಾಟಕದ ಅರ್ಧ ಟಿಕೇಟು

ಮೊನ್ನೆ ಮಗಳ ಸ್ಕೂಲ್ ಡೇಗೆ ಅವಳ ಮುಖಕ್ಕೆ ಬಣ್ಣ ಹಚ್ಚಿಸೋಕೆ ಹೋಗಿದ್ದೆ. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಬಿಳಿ ಬಣ್ಣದ ವಾಸನೆ ಮೂಗಿಗೆ ಬಡಿದಿದ್ದೇ ತಡ, ನಮ್ಮೂರ ನಾಟಕದ ಮೇಷ್ಟ್ರು ಕಣ್ಣ ಮುಂದೆ ಬಂದು ನಿಂತರು...

ಬಾಗಲೂರು ಕಡೆ ನಮ್ಮೂರು, ಮೂರು ಭಾಷೆ ಬೆರೆತ ಗಡಿಸೀಮೆ. ಹಾರ್ಮೋನಿಯಂ ಪೆಟ್ಟಿಗೆ ಮುಂದೆ ಕೂತರೆ ಮೇಷ್ಟ್ರಿಗೆ ಊಟ ತಿಂಡಿ ಬೇಡ. ಹಾಡಿನ ನಾಟಕ ಅಂದರೆ ಅವರಿಗೆ ಜೀವ. ನಮ್ಮಂಥ ಹುಡುಗರಿಗೋ ಮೂಕಂಡಪಲ್ಲಿ ಫ್ಯಾಕ್ಟರಿ ಕೆಲಸ, ಮನೆಗೆ ಬಂದರೆ ಊಟ, ಫೋನು, ನಿದ್ದೆ. ನಾಟಕಕ್ಕೆ ಬರ್ತಿದ್ದವರೆಲ್ಲ ಹಲ್ಲಿಲ್ಲದ ತಾತಂದಿರು, ಅವರದೂ ಅರ್ಧಕ್ಕೇ ಗೊರಕೆ. ಕೊನೆಗೆ ನಾಟಕ ನಡೀತಿದ್ದ ಕಲ್ಯಾಣ ಮಂಟಪದ ಯಜಮಾನರು ಖಡಾಖಂಡಿತವಾಗಿ ಹೇಳಿಬಿಟ್ಟರು: "ಈ ಸಲಾನೂ ಹುಡುಗ್ರು ಬರ್ಲಿಲ್ಲ ಅಂದ್ರೆ ಇನ್ಮೇಲೆ ನಾಟಕಕ್ಕೆ ಜಾಗ ಕೊಡಾಕಾಗಲ್ಲ ಮೇಷ್ಟ್ರೆ. ಬರ್ತ್‌ಡೇ ಫಂಕ್ಷನ್ನಿಗೆ ಕೇಳ್ತಾವ್ರೆ."

ಮೇಷ್ಟ್ರು ಬಿಡೋ ಆಸಾಮಿಯಲ್ಲ. ರಾತ್ರಿಯ ನಾಟಕವನ್ನು ಭಾನುವಾರ ಬೆಳಗ್ಗೆಗೆ ತಂದರು. ಅದರ ಹಿಂದಿನ ವಾರವೆಲ್ಲ ಫ್ಯಾಕ್ಟರಿ ಬಸ್ಸು ನಿಲ್ಲೋ ಟೀ ಅಂಗಡಿ ಮುಂದೆ ಪೆಟ್ಟಿಗೆ ಇಟ್ಟುಕೊಂಡು, ಕನ್ನಡ, ತಮಿಳು, ತೆಲುಗು ಮೂರೂ ಬೆರೆಸಿ ಕತೆ ಹೇಳಿ, ಒಂದೊಂದು ಪದ ಹಾಡಿ ರುಚಿ ತೋರಿಸಿದರು. ಜೊತೆಗೊಂದು ಬೋರ್ಡು: ಫ್ಯಾಕ್ಟರಿ ಯೂನಿಫಾರ್ಮ್ ಹಾಕಿಕೊಂಡು ಬಂದವರಿಗೆ ಅರ್ಧ ಟಿಕೇಟು. ಯೂನಿಫಾರ್ಮ್ ಅಂದಮೇಲೆ ಹುಡುಗರೇ ತಾನೆ ಬರೋದು ಅಂತ ಅವರ ಲೆಕ್ಕಾಚಾರ.

ಭಾನುವಾರ ಮಂಟಪ ಭರ್ತಿ. ಸಾಲು ಸಾಲು ನೀಲಿ ಶರ್ಟು. ಮೇಷ್ಟ್ರು ಪರದೆ ಸಂದಿಯಿಂದ ಇಣುಕಿ ನೋಡ್ತಾರೆ, ಎಲ್ಲಾ ಅವೇ ಹಳೇ ತಲೆಗಳು! ಮೊಮ್ಮಕ್ಕಳ ಶರ್ಟು ಏರಿಸಿಕೊಂಡು ಬಂದು ಕೂತಿದ್ದಾರೆ. ಅರ್ಧ ರೇಟು ಅಂದ್ರೆ ಬಿಟ್ಟಾರಾ ನಮ್ಮೋರು! ಪಾಪ, ಮೇಷ್ಟ್ರ ಮುಖ ಬಾಡಿಹೋಯ್ತಂತೆ.

ನನಗೆ ಅವತ್ತು ಸೆಕೆಂಡ್ ಶಿಫ್ಟು. ನೋಡಿದರೆ ಗೂಟದಲ್ಲಿ ಶರ್ಟಿಲ್ಲ. ಹುಡುಕಿಕೊಂಡು ಮಂಟಪಕ್ಕೆ ಹೋದರೆ ಬಾಗಿಲಲ್ಲಿ ನನ್ನ ಹಾಗೇ ಬನಿಯನ್ನಲ್ಲಿ ನಿಂತ ಹುಡುಗರ ದಂಡು. ನಮ್ಮ ತಾತ ಎರಡನೇ ಸಾಲಲ್ಲಿ ರಾಜಗಾಂಭೀರ್ಯದಿಂದ ಕೂತಿದ್ದ.

"ತಾತಾ, ಶರ್ಟ್ ಬಿಚ್ಕೊಡು. ಬಸ್ಸು ಹೋಗ್ಬುಡ್ತದೆ," ಅಂತ ಪಕ್ಕಕ್ಕೆ ಹೋಗಿ ಪಿಸುಗುಟ್ಟಿದೆ.

"ಸುಮ್ಕೆ ಕುಂತ್ಕಳ್ಳಾ. ಈ ಪದ ಮುಗೀಲಿ, ಕೊಡ್ತೀನಿ ಕಣ್ಲಾ."

ರಾಜನನ್ನು ಸೆರೆಗೆ ಎಳೆದೊಯ್ಯುವಾಗ ರಾಣಿ ಹಾಡುವ ಪದ ಅದು. ಬನಿಯನ್ನಲ್ಲಿದ್ದ ನಮ್ಮನ್ನೆಲ್ಲ ಮೇಷ್ಟ್ರು ನೋಡಿಬಿಟ್ಟರು. ಪದ ಮುಗಿದರೆ ನಾವು ಶರ್ಟು ಇಸ್ಕೊಂಡು ಹೋಗ್ತೀವಲ್ಲ... ಮುಗಿಸಲೇ ಇಲ್ಲ ಪುಣ್ಯಾತ್ಮ! ರಾಣಿ ಪಾರ್ಟಿನ ಹೆಣ್ಣುಮಗಳಿಗೆ ಕಣ್ಸನ್ನೆ ಮಾಡಿ, ಮತ್ತೆ ಮತ್ತೆ ಪಲ್ಲವಿಗೇ ಎಳೆದು ತಂದರು. ಮೊದಲು ನಮಗೆಲ್ಲ ನಗು. ಆಮೇಲೆ ಒಬ್ಬೊಬ್ಬರೇ ಕೆಳಗೆ ಕೂತೆವು. ಆಯಮ್ಮನ ಗಂಟಲು ಕೇಳ್ತಾ ಕೇಳ್ತಾ ನಾನು ಶರ್ಟನ್ನೇ ಮರೆತೆ. ಹೊರಗೆ ಬಸ್ಸಿನ ಹಾರನ್ ಕೇಳಿಸಿತು, ನಾನು ಏಳಲಿಲ್ಲ.

ಪದ ಮುಗಿದಾಗ ಬಿದ್ದ ಶಿಳ್ಳೆ ಏನು, ಚಪ್ಪಾಳೆ ಏನು! ಯಜಮಾನರು ಬನಿಯನ್ ಹುಡುಗರನ್ನೆಲ್ಲ ಒಂದು ಸಲ ನೋಡಿ, "ಆಯ್ತು ಬುಡಿ ಮೇಷ್ಟ್ರೆ, ಮುಂದಕ್ಕೂ ಮಾಡ್ಕಳಿ," ಅಂದರು. ಮೇಷ್ಟ್ರು ಪೆಟ್ಟಿಗೆಗೆ ಹಣೆ ಮುಟ್ಟಿಸಿ ಕೈ ಮುಗಿದರು.

ಮೇಷ್ಟ್ರು ತೀರಿಹೋಗಿ ಎರಡು ವರ್ಷ ಆಗ್ತಾ ಬಂತು. ನಾಟಕ ನಿಂತಿಲ್ಲ. ಹುಡುಗರು ಪೂರ್ತಿ ಟಿಕೇಟು ಕೊಟ್ಟೇ ಬರ್ತಾರೆ. ಪೆಟ್ಟಿಗೆಗೆ ಹೊಸಬರು ಬಂದಿದ್ದಾರೆ, ಚೆನ್ನಾಗೇ ನುಡಿಸ್ತಾರೆ. ಆದರೆ ಈಗ ಪದಗಳೆಲ್ಲ ಸರಿಯಾದ ಹೊತ್ತಿಗೆ ಮುಗಿದುಬಿಡುತ್ತವೆ... ಹೋದ ಭಾನುವಾರವೂ ಹಾಗೇ ಆಯ್ತು. ಎಲ್ಲರೂ ಎದ್ದು ಹೊರಟರು. ಪಲ್ಲವಿ ಇನ್ನೊಂದು ಸುತ್ತು ಬರಬಹುದೇನೋ ಅಂತ ನಾನು ಕೂತೇ ಇದ್ದೆ.