ಅಣ್ಣನ ಮಣ್ಣಿನ ಕಿಲ್ಲಾ

ಬೆಳಗಾವಿಯ ಉದ್ಯಮಬಾಗದ ನಮ್ಮ ಫೌಂಡ್ರಿಯವರು ನನ್ನನ್ನು ತರಬೇತಿಗೆಂದು ಒಂದು ತಿಂಗಳು ಜಪಾನಿಗೆ ಕಳಿಸಿದ್ದರು. ಒಂದು ಭಾನುವಾರ ಅಲ್ಲಿಯ ಹಿರಿಯ ಕೆಲಸಗಾರರೊಬ್ಬರು ಹಳೆಯ ಕೋಟೆ ತೋರಿಸುತ್ತೇನೆಂದು ಬೆಟ್ಟ ಹತ್ತಿಸಿದರು. ಏದುಸಿರು ಬಿಡುತ್ತ ತುದಿ ಮುಟ್ಟಿದರೆ ಕೋಟೆಯೇ ಇಲ್ಲ! ಎತ್ತರದ ಮರಗಳು, ಜರಿಗಿಡ, ಅಷ್ಟೇ. ಬೆಳಗಾವಿಯವನು ನಾನು, ಕೋಟೆ ಅಂದರೆ ಕಲ್ಲಿನ ಗೋಡೆ, ದೊಡ್ಡ ಬಾಗಿಲು ಎಂದೇ ತಿಳಿದವನು. ದಾರಿ ತಪ್ಪಿದೆವೇ ಎಂದು ಫೋನಿನ ಅನುವಾದದಲ್ಲಿ ಕೇಳಿದೆ. ಅವರು ನಕ್ಕು ನನ್ನ ಕಾಲ ಕೆಳಗೆ ಬೆರಳು ತೋರಿಸಿದರು. ನಾವು ನಿಂತದ್ದೇ ಕೋಟೆ. ಗುಡ್ಡವನ್ನೇ ಹಂತ ಹಂತವಾಗಿ ಕಡಿದು, ಕಂದಕ ತೋಡಿ, ಅದೇ ಮಣ್ಣನ್ನು ದಿಬ್ಬವಾಗಿ ಒಟ್ಟಿದ್ದರು. ಎಲ್ಲ ಬರೀ ಮಣ್ಣು. ನೂರಾರು ವರ್ಷ ಕಳೆದರೂ ಕಂದಕದ ಅಂಚು ಉಳಿದಿತ್ತು.

ನಾನು ಅಲ್ಲೇ ಕುಸಿದು ಕುಳಿತು ಅತ್ತುಬಿಟ್ಟೆ. ಪಾಪ, ಆ ಮನುಷ್ಯ ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟರು.

ನಮ್ಮಣ್ಣ ಪ್ರತಿ ದೀಪಾವಳಿಗೆ ರಾಮತೀರ್ಥ ನಗರದ ನಮ್ಮ ಮನೆಯಂಗಳದಲ್ಲಿ ಕಿಲ್ಲಾ, ಅಂದರೆ ಮಣ್ಣಿನ ಪುಟ್ಟ ಕೋಟೆ, ಕಟ್ಟುತ್ತಿದ್ದ. ನಮ್ಮೂರಿನ ಓಣಿ ಓಣಿಯಲ್ಲಿ ಅದು ಮಕ್ಕಳ ಕೆಲಸ; ಇವನು ನಲವತ್ತು ದಾಟಿದರೂ ಬಿಡಲಿಲ್ಲ. ಖಾನಾಪುರದಿಂದ ಕೆಂಪು ಮಣ್ಣನ್ನು ಚೀಲದಲ್ಲಿ ತುಂಬಿ, ಕಂಡಕ್ಟರನ ಕಡೆ ಬೈಸಿಕೊಂಡು ಬಸ್ಸಿನಲ್ಲಿ ತರುತ್ತಿದ್ದ. ಇಳಿಜಾರಿಗೆ ರಾಗಿ ಚೆಲ್ಲಿ, ಹಸಿರು ಚಿಗುರಿದರೆ ಹಿಗ್ಗುತ್ತಿದ್ದ. ಹೋದ ದೀಪಾವಳಿಗೆ ನಾನು ಗಾಡಿ ಹಚ್ಚಿ ನಿಲ್ಲಿಸಲು ಜಾಗವಿಲ್ಲವೆಂದು ಸಿಟ್ಟಿನಲ್ಲಿ ಬೈಕನ್ನು ಹಿಂದಕ್ಕೆ ತಳ್ಳಿದೆ. ಬುರುಜು ಮುರಿಯಿತು.

"ಸಾವಕಾಶ ತಮ್ಮಾ, ಕಿಲ್ಲಾ ಐತಿ," ಎಂದ.

"ಕಲ್ಲಿಂದಾದ್ರ ಕಿಲ್ಲಾ ಅಂತಾರ. ಇದು ರಾಡಿ," ಎಂದೆ. ಥೂ, ನನ್ನ ನಾಲಿಗೆ ಸೇದಿಹೋಗಲಿ!

ಅವನು ಬುರುಜನ್ನು ಮತ್ತೆ ಕಟ್ಟಲೇ ಇಲ್ಲ. ಇವತ್ತು ತಪ್ಪಾಯಿತೆಂದರಾಯಿತು, ನಾಳೆ ಅಂದರಾಯಿತು ಎಂದುಕೊಂಡೇ ನಾನು ದಿನ ನೂಕಿದೆ. ಸಂಕ್ರಾಂತಿ ಮುಗಿದ ವಾರಕ್ಕೆ ಅಣ್ಣ ಎದೆನೋವೆಂದ, ಆಸ್ಪತ್ರೆ ಮುಟ್ಟಲಿಲ್ಲ.

ಜಪಾನಿನಿಂದ ಮರಳಿದಾಗ ದೀಪಾವಳಿ ಹತ್ತಿರವಿತ್ತು. ಸಾವಾಗಿ ವರ್ಷ ತುಂಬದ ಮನೆ, ಹಬ್ಬವಿಲ್ಲ. ಅಂಗಳದ ಮೂಲೆಯಲ್ಲಿ ಹಳೇ ಕಿಲ್ಲಾ ಮಳೆಗೆ ಕರಗಿ ಗುಪ್ಪೆಯಾಗಿ ಉಳಿದಿತ್ತು. ಅಣ್ಣನ ಹೆಂಡತಿ, ನಮ್ಮ ವೈನಿ, ಅದನ್ನು ತೆಗೆಯಲು ಸಲಿಕೆ ಹಿಡಿದಿದ್ದರು.

"ಬ್ಯಾಡ್ರಿ ವೈನಿ, ಇರ್ಲಿ ಬಿಡ್ರಿ," ಎಂದೆ. "ಅದು ಖರೇನ ಕಿಲ್ಲಾ ಐತ್ರಿ."

ಅವರು ಸಲಿಕೆ ಕೆಳಗಿಟ್ಟು ನನ್ನ ಮುಖ ನೋಡಿದರು.

"ಮತ್ತ ನಿಮ್ಮ ಗಾಡಿ ಎಲ್ಲಿ ಹಚ್ಚತೀರಿ?"